ನಮ್ಮ ದುಡ್ಡಿನ ಗುಂಡಿ

ಹುಡುಗನನ್ನು ಅವನ ಮನೆಯಲ್ಲಿ ನೋಡಬಾರದು, ದುಡಿಯುವ ಜಾಗದಲ್ಲಿ ನೋಡಬೇಕು ಎಂಬುದು ನನ್ನ ಖಚಿತ ನಿಲುವು. ಮನೆಯಲ್ಲಿ ಎಲ್ಲರೂ ಸಜ್ಜನರೇ. ಹುಡುಗನ ಮನೆಗೆ ಹೋಗಿ ಅಕ್ಕನ ಮಗಳ ಮದುವೆಗೆ ಒಪ್ಪಿಗೆ ಕೊಡುವ ಮುನ್ನಾದಿನ ಅವನು ಕೆಲಸಕ್ಕಿದ್ದ ಅಂಗಡಿಗೆ ಹೋಗೋಣವೆಂದು ಹಟ ಹಿಡಿದವನು ನಾನೇ. ಅವನನ್ನು ನೋಡಲೆಂದೇ ನಾವು ಮೂವರು ಆ ಪರದೇಶಕ್ಕೆ ಬಂದಿದ್ದೆವು. ವಿಮಾನದಲ್ಲಿ ಅಕ್ಕನ ಸೂಟ್‌ಕೇಸಿನ ಚಕ್ರ ಕಿತ್ತುಹೋಗಿದ್ದರಿಂದ ನೆಪ ಹುಡುಕುವ ಕಷ್ಟವೂ ಇರಲಿಲ್ಲ. ಹುಡುಗ ಮಾರುತ್ತಿದ್ದುದು ಸೂಟ್‌ಕೇಸುಗಳನ್ನೇ.

"ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತೆ? ಮೊಸರಲ್ಲೂ ಕಲ್ಲು ಹುಡುಕ್ತೀಯ," ಎಂದು ಅಕ್ಕ ದಾರಿಯುದ್ದಕ್ಕೂ ಹಂಗಿಸಿದಳು.

"ಹುಡುಕ್ಲಿ ಬಿಡಮ್ಮ. ಕಲ್ಲು ಇದ್ರೆ ಮುರಿಯೋದು ನನ್ನ ಹಲ್ಲು ತಾನೆ?" ಎಂದಳು ಅವಳ ಮಗಳು. ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗುಬ್ಬಿ ಎಂದು.

ರೈಲು ನಿಲ್ದಾಣದ ಬದಿಯ ಇಕ್ಕಟ್ಟಾದ ಅಂಗಡಿ. ಹೊಸ ರಬ್ಬರಿನ ವಾಸನೆ; ಸೂರಿನವರೆಗೆ ತೂಗುಹಾಕಿದ ಚೀಲಗಳು. ಮೂಲೆಯ ಎತ್ತರದ ಸ್ಟೂಲಿನ ಮೇಲೆ ಯಜಮಾನ ಫೋನಿನಲ್ಲಿ ಮುಳುಗಿದ್ದ. ಅವನಿಗೆ ನಮ್ಮ ಭಾಷೆ ಬಾರದು. ಹುಡುಗ ನಮ್ಮನ್ನು ಕಂಡವನೇ ಕಣ್ಣಲ್ಲೇ ನಮಸ್ಕರಿಸಿ, ಎದುರಿಗಿದ್ದ ಗಿರಾಕಿಗಳತ್ತ ತಿರುಗಿದ. ಅವರೂ ನಮ್ಮ ಕಡೆಯಿಂದ ಪ್ರವಾಸ ಬಂದ ಅಜ್ಜ ಅಜ್ಜಿ. ಒಂದು ಚಕ್ರದ ಚೀಲ ಆರಿಸಿದ್ದರು. ಕಾರ್ಡಿನ ಮೆಷಿನ್ನನ್ನು ಅಜ್ಜಿ ಕಣ್ಣಿನಿಂದ ದೂರ ಹಿಡಿದು ನೋಡುತ್ತಿದ್ದರು.

"ಇದೇನಪ್ಪ, ಎರಡೆರಡು ಕೇಳ್ತಿದೆ?"

"ಈ ಊರಿನ ದುಡ್ಡಲ್ಲಿ ಕೊಡ್ತೀರಾ, ನಮ್ಮ ದುಡ್ಡಲ್ಲಿ ಕೊಡ್ತೀರಾ ಅಂತ ಅಜ್ಜಿ. ನಮ್ಮ ದುಡ್ಡೇ ಒತ್ತಿ. ಎಷ್ಟು ಹೋಯ್ತು ಅಂತ ಇಲ್ಲೇ ಗೊತ್ತಾಗುತ್ತೆ. ಊರಿಗೆ ಹೋಗಿ ತಲೆ ಕೆಡಿಸ್ಕೊಳ್ಳೋದು ಬೇಡ."

ಅಜ್ಜಿ ಒತ್ತಿದರು. "ಪರದೇಶದಲ್ಲಿ ನಮ್ಮವನೊಬ್ಬ ಸಿಕ್ಕಿದ್ನಲ್ಲ, ನಮ್ಮ ಪುಣ್ಯ ಕಣಪ್ಪ."

"ಮದುವೆಯಾದಾಗಿಂದ ನಾನು ಹೇಳಿದ್ದು ಒಂದೂ ಕೇಳಿಲ್ಲ ಇವಳು. ನೀನು ಹೇಳಿದ್ದೇ ತಡ, ಒತ್ತಿಬಿಟ್ಳು ನೋಡು!" ಎಂದರು ಅಜ್ಜ. ಎಲ್ಲರೂ ನಕ್ಕೆವು. ಅವರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತು ಹಳೆಯ ಚೀಲದ ಬಟ್ಟೆಗಳನ್ನು ಹೊಸದಕ್ಕೆ ತುಂಬತೊಡಗಿದ್ದು ಗಾಜಿನಾಚೆ ಕಾಣುತ್ತಿತ್ತು.

ಅಕ್ಕ ನೀಲಿ ಸೂಟ್‌ಕೇಸೊಂದನ್ನು ಆರಿಸಿದಳು. ಕಾರ್ಡು ಕೊಟ್ಟು, ಕಲಿತ ಪಾಠ ಒಪ್ಪಿಸುವವಳಂತೆ ನಮ್ಮ ದುಡ್ಡಿನ ಕಡೆಗೆ ಬೆರಳು ಚಾಚಿದಳು. ಹುಡುಗ ಮೆಷಿನ್ನನ್ನು ತಟ್ಟನೆ ತನ್ನತ್ತ ಎಳೆದುಕೊಂಡು ಇನ್ನೊಂದನ್ನು ಒತ್ತಿದ. ಚೀಟಿಯಲ್ಲಿ ಆ ಊರಿನ ದುಡ್ಡೇ ಬಂತು. ಕಲ್ಲು ಸಿಕ್ಕಿತೆಂದುಕೊಂಡೆ.

"ಏನ್ರೀ ಇದರ ಮರ್ಮ? ಅಜ್ಜಿಗೆ ನಮ್ಮ ದುಡ್ಡು, ನಮಗೆ ಮಾತ್ರ ಇವರ ದುಡ್ಡಾ?"

ಅವನು ಯಜಮಾನನತ್ತ ಕಣ್ಣು ಹಾಯಿಸಿ ಮುಂದಕ್ಕೆ ಬಾಗಿದ. "ಮೆಲ್ಲಗೆ ಮಾವ. ನಮ್ಮ ದುಡ್ಡು ಅಂತ ಒತ್ತಿದ್ರೆ ಬದಲಾಯಿಸೋ ದರ ಈ ಮೆಷಿನ್ನಿನವರದ್ದು. ಜಾಸ್ತಿ ಹಾಕ್ತಾರೆ, ಅದರಲ್ಲಿ ಅಂಗಡಿಗೂ ಪಾಲು. ಈ ಊರಿನ ದುಡ್ಡು ಒತ್ತಿದ್ರೆ ನಿಮ್ಮ ಬ್ಯಾಂಕೇ ಬದಲಾಯಿಸುತ್ತೆ, ಕಡಿಮೆಯಲ್ಲಿ ಆಗುತ್ತೆ. ಮನೆಯವರಿಗೆ ನಾನು ಮೋಸ ಆಗೋಕೆ ಬಿಡ್ತೀನಾ?"

ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಹೆಮ್ಮೆಯಿತ್ತು. ಅಕ್ಕನಂತೂ ಕರಗಿಹೋದಳು. "ಕೇಳಿಸ್ಕೊಂಡ್ಯೇನೋ? ಬಡಿಸೋನು ನಮ್ಮವನಾದ್ರೆ ಪಂಕ್ತೀಲಿ ಎಲ್ಲಿ ಕೂತ್ರೇನು!"

ಆ ಗಾದೆಯನ್ನು ನಾನು ಎಂದೂ ಮಕ್ಕಳಿಗೆ ಕಲಿಸಿದವನಲ್ಲ. ಬಡಿಸುವವನು ಯಾರವನೂ ಆಗಿರದಿದ್ದಾಗ ಮಾತ್ರ ಪಂಕ್ತಿಗೆ ಮರ್ಯಾದೆ. 'ನಮ್ಮ' ಎಂದಾಗ ಹೇಳುವವನೊಡನೆ ಕೇಳುವವನೂ ಸೇರುತ್ತಾನೆಂದು ಜೀವಮಾನವೆಲ್ಲ ವ್ಯಾಕರಣ ಬೋಧಿಸಿದೆ; ಇಲ್ಲಿ ಕೇಳುವವರನ್ನು ಹೊರಗೆ ನಿಲ್ಲಿಸಿ ಅದೇ ಪದದಿಂದ ಅವರ ಜೇಬಿಗೆ ಕೈಹಾಕುತ್ತಿದ್ದಾನೆ! ಕನ್ನ ಹಾಕುವವನಿಗೆ ಕತ್ತಲೆ ಬೇಕು; ಇವನಿಗೆ ತಾಯ್ನುಡಿಯೇ ಸಾಕಾಯಿತು. ಒತ್ತುವ ಗುಂಡಿಗೂ ಬೀಳುವ ಗುಂಡಿಗೂ ನಮ್ಮ ಭಾಷೆಯಲ್ಲಿ ಒಂದೇ ಹೆಸರಿರುವುದು ಸುಮ್ಮನಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಗುಬ್ಬಿ ಕೇಳಿದಳು: "ಆ ಅಜ್ಜಿ ನಮ್ಮವರಲ್ವಾ?"

"ಅವರು ಗಿರಾಕಿ. ಎಷ್ಟೋ ಅಂಗಡೀಲಿ ಹೀಗೇ ನಡೆಯೋದು. ನೋಡಿ, ಒತ್ತಿದ್ದೂ ಅವರೇ."

"ಒತ್ತಿ ಅಂದಿದ್ದು ನೀವು. ಆ ಬಿಲ್ ರದ್ದು ಮಾಡಿ ಮತ್ತೆ ಹಾಕೋಕಾಗಲ್ವಾ?"

"ಈಗಲೇ ಆದ್ರೆ ಆಗುತ್ತೆ. ಆದ್ರೆ ಯಜಮಾನರು..."

"ಅವರಿನ್ನೂ ಹೊರಗೇ ಕೂತಿದ್ದಾರೆ."

ಅವನು ಒಮ್ಮೆ ಅವಳನ್ನು, ಒಮ್ಮೆ ಸ್ಟೂಲನ್ನು ನೋಡಿದ. ಆಮೇಲೆ ಹೊರಟೇಬಿಟ್ಟ. ನ್ಯಾಯವಾಗಿ ಹೇಳಬೇಕೆಂದರೆ, ಅಷ್ಟರಮಟ್ಟಿಗೆ ನನಗೆ ಅವನ ಮೇಲೆ ಗೌರವ ಹುಟ್ಟಿತು. ಗಾಜಿನಾಚೆ ಅವನು ನಗುತ್ತ ಏನೋ ಹೇಳಿದ, ಅಜ್ಜಿ ಕಾರ್ಡು ತೆಗೆದುಕೊಟ್ಟರು. ಒಳಗೆ ಬಂದು ಹಳೆಯದನ್ನು ರದ್ದು ಮಾಡಿ ಆ ಊರಿನ ದುಡ್ಡಿನಲ್ಲೇ ಹಾಕಿದ. ಯಜಮಾನ ಗದರಿದ, ಇವನು ಏನೋ ಸಬೂಬು ಹೇಳಿದ. ಕಾರ್ಡು ಹಿಂದಿರುಗಿಸುವಾಗ ಅಜ್ಜಿ ಅವನ ತಲೆ ಸವರಿದರು.

"ಈಗ ಸಮಾಧಾನನಾ?" ಎಂದು ನಗುತ್ತ ಬಂದ.

"ಅಜ್ಜಿಗೆ ಏನಂತ ಹೇಳಿದ್ರಿ?"

"ಮೆಷಿನ್ ತಪ್ಪು ಲೆಕ್ಕ ಹಾಕಿತ್ತು, ನಾನು ನೋಡಿ ಹಿಡಿದೆ ಅಂದೆ."

ಗುಬ್ಬಿ ನೀಲಿ ಸೂಟ್‌ಕೇಸಿನ ಹಿಡಿಯನ್ನು ತಾಯಿಯ ಕೈಗೆ ಕೊಟ್ಟಳು. "ಅಮ್ಮ, ನಾಳೆ ಇವರ ಮನೆಗೆ ಹೋಗೋದು ಬೇಡ."

"ಹುಚ್ಚಿ! ನಿನ್ನ ಮಾತಿಗೆ ಬೆಲೆ ಕೊಟ್ಟು ಸರಿ ಮಾಡಿದ್ರಲ್ಲೇ?"

"ನನ್ನ ಮಾತಿಗೆ ಕೊಟ್ರು. ಅಜ್ಜಿಗೆ ಏನು ಕೊಟ್ರು? ಇನ್ನೊಂದು ಸುಳ್ಳು."

"ಇಷ್ಟಕ್ಕಾ?" ಎಂದ ಹುಡುಗ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನ್ನ ಕೋಪ ಇಮ್ಮಡಿಸಿದ್ದು ಆಗಲೇ.

"ಇಷ್ಟಕ್ಕೇ," ಎಂದು ಅವಳು ಬಾಗಿಲು ತಳ್ಳಿದಳು.

ಗೊಣಗುತ್ತಿದ್ದ ಅಕ್ಕನೂ ನಾನೂ ಅವಳ ಹಿಂದೆ ನಡೆದೆವು. ಬೆಂಚಿನ ಬಳಿ ನಿಂತು ಅವಳು ಬಾಗಿದಳು.

"ಅಜ್ಜಿ, ಮುಂದೆ ಎಲ್ಲಾದ್ರೂ ಮೆಷಿನ್ ಹಾಗೆ ಕೇಳಿದ್ರೆ ಈ ಊರಿನ ದುಡ್ಡೇ ಒತ್ತಿ. ನಮ್ಮ ದುಡ್ಡು ಅಂತ ಒತ್ತಿದ್ರೆ ಜಾಸ್ತಿ ಹೋಗುತ್ತೆ. ಯಾರು ಹೇಳಿದ್ರೂ ಕೇಳಬೇಡಿ."

ಅಜ್ಜಿ ಹೊಸ ಚೀಲವನ್ನು ಮೊಣಕಾಲಿಗೆ ಒತ್ತಿ ಹಿಡಿದುಕೊಂಡರು. ಗುಬ್ಬಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಒಳಗಿರೋ ಹುಡುಗ ಬಂಗಾರದಂಥೋನು, ಎಲ್ಲಾ ಅವನೇ ನೋಡ್ಕೊಂಡ. ನೀನು ಯಾರಮ್ಮ?"