ಹಿಂಡಿಗೆಲ್ಲ ಒಂದೇ ಬಾಟ್ಲಿ

ಮಲ್ಲಾರಿಯ ಲೋಕದಲ್ಲಿ ಒಂಟಿಯಾದದ್ದು ಯಾವುದೂ ಇರಲಿಲ್ಲ, ಇದ್ದದ್ದೆಲ್ಲ ಹಿಂಡು. ಗಡಹಿಂಗ್ಲಜದ ಪೇಟೆಯಲ್ಲಿ ಕುರಿಗಳಿಲ್ಲದೆ ಒಬ್ಬನೇ ನಡೆಯುವಾಗಲೂ ರಸ್ತೆಯ ಒಂದು ಬದಿಗೆ ವಾಲಿ, ತೋಳು ಅಗಲಿಸಿ, ಬೆನ್ನ ಹಿಂದೆ ಏನೋ ಚದುರಿಹೋಗುತ್ತಿದೆಯೆಂಬ ಆತಂಕದಿಂದ ಮತ್ತೆ ಮತ್ತೆ ತಿರುಗಿ ನೋಡುವ ಆ ಕುರುಬನನ್ನು ಕಂಡು ಅಂಗಡಿಯವರು ನಗುತ್ತಿದ್ದರು. ಸುಡುಬೇಸಿಗೆಯಲ್ಲೂ ಹೆಗಲಿಗೆ ಕಂಬಳಿ. ಮಾತು ಯಾವುದೇ ಇರಲಿ, ಕೊನೆಗೆ “ಹಿಂಡು ಕಾದಂವಗ ಗೊತ್ತೈತ್ರಿ” ಎಂಬ ಮುದ್ರೆ ಬೀಳಲೇಬೇಕು. ಅದನ್ನು ಕೇಳಿದರೆ ಹೆಂಡತಿ ಶುಭಾಂಗಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು? ಆಕೆ ಇಚಲಕರಂಜಿಯ ಮಗ್ಗದವರ ಮಗಳು. ಒಂದು ಎಳೆ ಹರಿದರೆ ಆ ಎಳೆಯನ್ನೇ ಹುಡುಕಿ ಗಂಟು ಹಾಕುವ ಮಂದಿ. ಇವನೋ, ಒಂದು ಕುರಿ ಕೆಮ್ಮಿದರೆ ಹಿಂಡಿಗೆಲ್ಲ ಔಷಧ ಕುಡಿಸುವ ಮನೆತನದವನು. ಕುರಿಗೆ ಅದು ಸರಿಯಿದ್ದೀತು. ಆದರೆ ಈ ಪುಣ್ಯಾತ್ಮ ಅದೇ ಶಾಸ್ತ್ರವನ್ನು ಮಕ್ಕಳಿಗೂ ತಂದ.

ಮಗಳು ಕಾಜಲಳ ಮೂಗು ಸೋರಿದರೆ ಸಾಕು, ಎತ್ತಿಕೊಂಡು ಹೋಗಿ ಡಾಕ್ಟರ ಎದುರು ನಿಲ್ಲುವನು. “ಸಾಹೇಬ್ರ, ಪವರ್‌ದ್ದ ಬರೀರಿ.” ಬರೀ ನೆಗಡಿ, ತಾನಾಗಿ ಇಳಿಯುತ್ತದೆ, ಆ್ಯಂಟಿಬಯೋಟಿಕ್ ಬೇಡ ಎಂದು ಅವರು ಹೇಳಿದರೆ ಮೋರೆ ಗಂಟಿಕ್ಕಿಕೊಂಡು ನೇರ ಔಷಧದಂಗಡಿಗೆ ಹೋಗಿ ತಾನೇ ಕೇಳಿ ತರುವನು. ಮನೆಗೆ ಬಂದೊಡನೆ ಸಾಲು: ಕಾಜಲ, ಅವಳ ಅಣ್ಣ ಅಮೋಲ, ಮಲ್ಲಾರಿಯ ತಮ್ಮ ದೀಪಕನ ಎರಡು ಮಕ್ಕಳು. ಒಬ್ಬೊಬ್ಬರ ಗದ್ದ ಹಿಡಿದೆತ್ತಿ, ಮುಚ್ಚಳ ತುಂಬ ಸುರಿದು, ಗಂಟಲು ಸವರಿ ನುಂಗಿಸುವನು.

“ಅಮೋಲಗ ಏನಾಗೈತಿ ಅಂತ ಕುಡಸ್ತೀರಿ?”

“ನಾಳಿ ಆಗ್ತೈತಲ್ಲ!”

“ಆದಾಗ ನೋಡೂಣು. ಕಾಜಲನ ಔಷಧ ಕಾಜಲಗs ಇರ್ಲಿರೀ!”

“ನೀ ಸುಮ್ನಿರ. ಒಬ್ರಿಗೊಂದು ಒಬ್ರಿಗೊಂದು ಮಾಡೂದು ನಮ್ಮ ಮನ್ಯಾಗಿಲ್ಲ.”

ಗೋಡೆಗೆ ಹೇಳಿದ್ದರೆ ಅದಾದರೂ ಬಿರುಕು ಬಿಡುತ್ತಿತ್ತು.

ಹೋದ ಮಳೆಗಾಲದಲ್ಲಿ ಕಾಜಲಳ ಕೆಮ್ಮು ಎದೆಗಿಳಿಯಿತು. ಈ ಸಲ ಡಾಕ್ಟರರೇ ಆ್ಯಂಟಿಬಯೋಟಿಕ್ ಬರೆದು, ಬಾಟ್ಲಿ ಪೂರ್ತಿ ಮುಗಿಸಬೇಕೆಂದು ಬಿಗಿಯಾಗಿ ಹೇಳಿದರು. ಶುಭಾಂಗಿ ಹಗಲೆಲ್ಲ ಕಳೆ ಕೀಳಲು ಹೋಗುತ್ತಿದ್ದಳು. ಇಲ್ಲಿ ನಾಲ್ಕು ಗಂಟಲಿಗೆ ಬಿದ್ದು ಬಾಟ್ಲಿ ಬೇಗನೆ ಬರಿದಾಯಿತು, ಕೂಸಿನ ಉಬ್ಬಸ ಮಾತ್ರ ಏರಿತು. ಮಲ್ಲಾರಿ ಮತ್ತೆ ಓಡಿದ. ಬಾಟ್ಲಿ ಮುಗಿಯಿತೇ ಎಂದು ಡಾಕ್ಟರು ಕೇಳಿದರು. “ಪೂರ್ತಿ ಮುಗದೈತ್ರಿ, ಒಂದ್ ಹನಿ ಉಳದಿಲ್ಲ” ಎಂದ. ಸುಳ್ಳಲ್ಲವಲ್ಲ! ಔಷಧವೇ ಸೋತಿತೆಂದು ಬಗೆದ ಅವರು ಮಗುವನ್ನು ಕೊಲ್ಹಾಪುರದ ದೊಡ್ಡ ದವಾಖಾನೆಗೆ ಅಟ್ಟಿದರು.

ಅಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ, ಪ್ರತಿ ಉಸಿರಿಗೂ ಒಳಸೆಳೆಯುವ ಪಕ್ಕೆಲುಬು. ಪೂರಾ ಔಷಧಕ್ಕೂ ಬಗ್ಗದ ಬೇನೆಯಿದು, ಇನ್ನೂ ಭಾರಿಯದು ಕೊಡಬೇಕೇನೋ ಎಂದು ಡಾಕ್ಟರಮ್ಮ ಹೇಳುತ್ತಿದ್ದಂತೆ ಶುಭಾಂಗಿಯ ತಾಳ್ಮೆ ಕಿತ್ತುಹೋಯಿತು.

“ಪೂರಾ ಎಲ್ಲೀದ್ರಿ ಬಾಯಾರ! ಆಕಿ ಹೊಟ್ಟೀಗಿ ಹೋಗೇ ಇಲ್ಲ. ಪ್ರಸಾದ ಹಂಚಿದಂಗ ನಾಕ ಹುಡುಗ್ರಿಗೆ ಹಂಚ್ಯಾರ!”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮಲ್ಲಾರಿಯನ್ನು ನೋಡಿದರು. ಅವನು ಕಂಬಳಿಯ ಅಂಚು ಬಾಯಿಗೊತ್ತಿಕೊಂಡ.

“ಅಂದ್ರ... ನಾ ಆಕಿಗೆ ಕಡಿಮಿ ಕೊಟ್ನೇನು?”

ಆ ಕ್ಷಣ ಶುಭಾಂಗಿಗೆ ಅವನ ಮೇಲೆ ಕನಿಕರ ಬಂದಿತ್ತು, ನಿಜ. ಔಷಧ ಸರಿಯಾದ ಪ್ರಮಾಣದಲ್ಲಿ ರಕ್ತಕ್ಕೆ ಸೇರಿ ಮಗು ಚೇತರಿಸಿಕೊಂಡಾಗ ಅವಳು ಅವನನ್ನು ಕ್ಷಮಿಸಿಯೂ ಬಿಟ್ಟಳು. ಮನೆಗೆ ಕಳಿಸುವ ದಿನ, ಇನ್ನಷ್ಟು ಕಾಲ ಕುಡಿಸಬೇಕೆಂದು ಬರೆದುಕೊಟ್ಟ ಔಷಧದ ಚೀಟಿ ಹಿಡಿದು ಮಲ್ಲಾರಿ ಅಂಗಡಿಯವನಿಗೆ ಗಂಭೀರವಾಗಿ ಹೇಳಿದ:

“ನಾಕ ಬಾಟ್ಲಿ ಕೊಡ್ರಿ. ಒಂದೊಂದು ಕೂಸಿಗೆ ಒಂದೊಂದು. ಈ ಸರ್ತಿ ಆಕಿಗೆ ಕಡಿಮಿ ಬೀಳಬಾರ್ದು.”

ಶುಭಾಂಗಿ ಹಣೆ ಚಚ್ಚಿಕೊಂಡಳು. ಒಂದೇ ಬಾಟ್ಲಿ ಕೊಂಡು ಸೆರಗಿಗೆ ಕಟ್ಟಿಕೊಂಡಳು.

ಇಂಥವರನ್ನು ಕೆಟ್ಟವರೆನ್ನಲು ನಾಲಗೆ ಏಳುವುದಿಲ್ಲ. ಅದೇ ದೊಡ್ಡ ಪೀಡೆ. ಎಲ್ಲರನ್ನೂ ಕಾಯುವ ಭರದಲ್ಲಿ ನರಳುವವಳ ಪಾಲನ್ನೇ ಹಂಚಿಬಿಟ್ಟು, ಯಾರಿಗೂ ಭೇದ ಮಾಡಲಿಲ್ಲವೆಂಬ ಸಮಾಧಾನದಲ್ಲಿ ಅವರು ಗೊರಕೆ ಹೊಡೆಯುತ್ತಾರೆ. ಅವರ ಪ್ರೀತಿಯ ಕೈಯಿಂದ ಮಕ್ಕಳನ್ನು ಪಾರುಮಾಡಲು ಆ ಮನೆಯಲ್ಲಿ ಇನ್ನೊಬ್ಬರು ಎಚ್ಚರವಿರಬೇಕಾಗುತ್ತದೆ.