ಒಂದೇ ಗುಂಪಿನ ಎರಡು ಕಾರ್ಡುಗಳು

ಸಂಜೆ ಐದಕ್ಕೆ ಬಿಂದುವಿನ ಕೆಲಸ ಹೋಗುವುದಿತ್ತು. ತಪ್ಪು ನನ್ನದು ಎಂದು ನನಗೆ ಬೆಳಗ್ಗೆ ಹತ್ತಕ್ಕೇ ಗೊತ್ತಾಗಿತ್ತು.

ಮಾಧವರಂನ ನಮ್ಮ ಖಾಸಗಿ ಡೈರಿಯಲ್ಲಿ ಕೋಲ್ಡ್ ರೂಮಿನ ಉಷ್ಣತೆ ಬರೆದಿಡುವುದು ಅವಳ ಕೆಲಸ. ಮೊನ್ನೆ ಅವಳು ನಾಲ್ಕು ಡಿಗ್ರಿ ಎಂದು ಬರೆಯುತ್ತಿದ್ದಾಗಲೇ ಒಳಗೆ ಹಾಲು ಒಡೆದಿತ್ತು. ಪರದೆ ನೋಡಿಯೇ ಬರೆದೆ ಎಂದಳು. ಆಮೇಲೆ ನೋಡಿದವರಿಗೆ ಪರದೆ ಸರಿಯಾಗಿಯೇ ಕಂಡಿತು. ಅವಳು ನೋಡದೆಯೇ ಬರೆದಿದ್ದಾಳೆ ಎಂದು ಎಲ್ಲರೂ ತೀರ್ಮಾನಿಸಿದರು.

ಆ ಕಂಪ್ಯೂಟರ್ ನನ್ನ ಉಸ್ತುವಾರಿಯದು. ಅದರೊಳಗೊಂದು ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್. ಹಾಲು ಪರೀಕ್ಷಿಸುವ ಹಳೇ ಸಾಫ್ಟ್‌ವೇರ್ ಓಡುವುದು ಅದರಲ್ಲಿ. ಪರೀಕ್ಷೆಯ ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡನ್ನು ಅದಕ್ಕೆ ಒಪ್ಪಿಸಬೇಕಿತ್ತು. ಆದರೆ ಆ ಕಾರ್ಡೂ ಕೋಲ್ಡ್ ರೂಮಿನ ಉಷ್ಣತೆ ತರುವ ಕಾರ್ಡೂ ಒಂದೇ ಗುಂಪಿನವು, ನಡುವೆ ಕಾವಲಿಲ್ಲ. ಕೊಟ್ಟರೆ ಎರಡನ್ನೂ ಕೊಡಬೇಕು. ಒಂದನ್ನೇ ಕೊಟ್ಟರೆ ಅದು ಇನ್ನೊಂದರಲ್ಲಿ ಕೈಯಾಡಿಸಬಹುದು. ಬೇರೆ ಮಾಡಲು ಕಾರ್ಡು ಕೂರುವ ಸ್ಲಾಟ್ ಬದಲಿಸಬೇಕು, ಅದಕ್ಕೆ ಯಂತ್ರ ಬಿಚ್ಚಬೇಕಿತ್ತು, ನನಗೆ ಸೋಮಾರಿತನ. ಇವೆರಡೂ ಬೇರೆ ಬೇರೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಒಂದು ಸಾಲು ಬರೆದು ಮನೆಗೆ ಹೋಗಿದ್ದೆ.

ಬೆಳಗ್ಗೆ ಮೊನ್ನೆಯ ದಾಖಲೆ ತೆರೆದರೆ, ಕೋಲ್ಡ್ ರೂಮಿನ ಸಂಖ್ಯೆ ಆರು ತಾಸು ನಾಲ್ಕರಲ್ಲೇ ನಿಂತಿತ್ತು. ಪರೀಕ್ಷೆಯ ಕಾರ್ಡು ಎಲ್ಲೆ ಮೀರಿ ಅದರ ಮೇಲೆ ಬರೆದಿತ್ತು. ಎದುರಿನ ಮೇಜಿನಲ್ಲಿ ಬಿಂದು ತನ್ನ ಪುಸ್ತಕ, ಪೆನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಹೇಡಿ ನಾನು. ಮೂರೂವರೆಗೆ ಯಾರಿಗೂ ಹೇಳದೆ ಆ ಸಾಲು ಅಳಿಸಿದೆ. ಪರೀಕ್ಷೆಯ ಕಾರ್ಡು ವರ್ಚುವಲ್ ಮೆಷಿನ್ನಿನ ಕೈತಪ್ಪಿ, ಹಾಲಿನ ಪರೀಕ್ಷೆ ನಿಂತುಹೋಯಿತು.

ನಾಲ್ಕೂವರೆಗೆ ಗೇಟಿನಲ್ಲಿ ಪರೀಕ್ಷೆಗೆ ಕಾದು ನಿಂತ ಮೂರು ಟ್ಯಾಂಕರ್. ಡ್ರೈವರ್‌ಗಳು ತಮಿಳಿನಲ್ಲಿ ಬೈಯುತ್ತ ಹಾರನ್ ಹೊಡೆಯುತ್ತಿದ್ದರು. ಮ್ಯಾನೇಜರ್ ಸೋಮಲಿಂಗಪ್ಪ ನುಗ್ಗಿ ಬಂದರು.

"ಏನ್ರೀ ರವಿಕಿರಣ್, ಹಾಲು ಬಿಸಲಾಗ ನಿಂತೈತಿ! ನಿನ್ನೆ ನಡೀತಿತ್ತಲ್ಲ, ಹಂಗ ಚಾಲೂ ಮಾಡ್ರಿ."

"ಹಂಗೆ ಮಾಡಕ್ಕಾಗಲ್ಲ ಸಾರ್. ಯಂತ್ರ ಆಫ್ ಮಾಡಿ ಕಾರ್ಡನ್ನ ಬೇರೆ ಸ್ಲಾಟಿಗೆ ಹಾಕ್ಬೇಕು. ಅರ್ಧ ಗಂಟೆ ಕೊಡಿ."

"ಯಾಕ?"

ಬಿಂದು ತಲೆ ಎತ್ತಿದಳು. ಏನೋ ಕೆಟ್ಟಿದೆ ಎಂದು ಜಾರಿಕೊಳ್ಳಬಹುದಿತ್ತು.

"ಹಾಲು ಒಡೆದದ್ದು ನನ್ನಿಂದ ಸಾರ್. ಪರದೆ ಸುಳ್ಳು ತೋರಿಸ್ತಿತ್ತು. ಬಿಂದು ಕಂಡದ್ದನ್ನೇ ಬರೆದಿದ್ದಾಳೆ."

ಸೋಮಲಿಂಗಪ್ಪ ನನ್ನನ್ನೇ ದುರುಗುಟ್ಟಿ ನೋಡಿದರು. "ಮೊದ್ಲು ಕಾರ್ಡಿನ ಸ್ಲಾಟ್ ಬದಲಿ ಮಾಡ್ರಿ. ಆಮ್ಯಾಲ ನನ್ನ ರೂಮಿಗೆ ಬರ್ರಿ." ಅವಳ ಕಡೆ ತಿರುಗಿ, "ನೀ ಎಲ್ಲಿಗೂ ಹೋಗೂದು ಬ್ಯಾಡವ್ವಾ" ಎಂದು ಹೊರಟರು.

ಬಿಂದು ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ.

"ಮಧ್ಯಾಹ್ನ ಅಮ್ಮಂಗೆ ಫೋನ್ ಮಾಡ್ಬಿಟ್ಟೆ ಸರ್," ಎಂದಳು. "ನಾನೇ ಪರದೆ ನೋಡದೇನೇ ಬರ್ದಿರ್ಬೇಕು ಅಂದೆ. ಎಲ್ಲಾರೂ ಹೇಳಿ ಹೇಳಿ, ನಾನೂ ನಂಬಿಬಿಟ್ಟಿದ್ದೆ."