ಅಮ್ಮಾ, ನಿಮ್ಮ ಶೂ ರೆಡಿ ಇದೆ

ಅಂಗಡಿಗೆ ವೆಬ್‌ಸೈಟ್ ಮಾಡಿಸಿದ ಹೊಸದರಲ್ಲಿ ದಿನಕ್ಕೆ ಹತ್ತು ಸಲ ತೆರೆದು ನೋಡುತ್ತೇವೆ. ಆಮೇಲೆ ಅದರೊಳಗೆ ಏನಿದೆ ಎಂದು ತಿರುಗಿಯೂ ನೋಡುವುದಿಲ್ಲ. ನೀವೂ ಹಾಗೆಯೇ, ನಾನೂ ಹಾಗೆಯೇ. ನಮ್ಮ ಇರ್ಲಿಯಕ್ಕನ ಕತೆಯಂತೂ ಕೇಳಲೇಬೇಡಿ.

ಅವಳದು ಶೂ ಹೊಲಿಯುವ ಅಂಗಡಿ. ಕಾಲು ಊದಿಕೊಂಡವರು, ಒಂದು ಕಾಲು ಗಿಡ್ಡ ಇರುವವರು, ಬೆರಳು ಕಳೆದುಕೊಂಡವರು ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಅಳತೆ ತೆಗೆದು, ಮರದ ಅಚ್ಚು ಮಾಡಿ, ಅದರ ಮೇಲೆ ತೊಗಲು ಎಳೆದು ಹೊಲಿಯುತ್ತಾಳೆ. ಒಂದು ಅಚ್ಚನ್ನೂ ಎಸೆದವಳಲ್ಲ. "ಇದ್ರೆ ಇರ್ಲಿ, ಯಾವತ್ತಾದ್ರೂ ಬೇಕಾಗತ್ತೆ" ಎನ್ನುವುದು ಅವಳ ಮಾತು. ಹೆಸರು ಅಂಟಿಕೊಂಡದ್ದೂ ಅದರಿಂದಲೇ.

ಸೈಟಿನ ವಿಷಯದಲ್ಲೂ ಅದೇ ಬುದ್ಧಿ. ಸೈಟಿಗೆ ಥೀಮ್ ಎಂಬ ಚೌಕಟ್ಟು ಇರುತ್ತದೆ. ಅದಕ್ಕೆ ಬೇಕಾದಂತೆ ಸೇರಿಸಿಕೊಳ್ಳುವ ತುಣುಕುಗಳೇ ಪ್ಲಗಿನ್. ಒಂದು ಫೋಟೊ ತೋರಿಸುತ್ತದೆ, ಇನ್ನೊಂದು ಗಿರಾಕಿಗೆ ಮೆಸೇಜು ಕಳಿಸುತ್ತದೆ. ಪುಕ್ಕಟೆ ಸಿಕ್ಕಿದ್ದನ್ನೆಲ್ಲ ಅಕ್ಕ ಹಾಕಿಕೊಂಡಳು. ಒಟ್ಟು ಮೂವತ್ತೊಂದು!

ಒಂದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಕ್ಕದ ಬೀದಿಯ ಬೀಗ ರಿಪೇರಿಯ ಯಜಮಾನರು ಬಂದು ಬಾಗಿಲಲ್ಲಿ ನಿಂತರು. ಅವರ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು.

"ಶೂ ತಗೊಂಡು ಹೋಗೋಣ ಅಂತ ಬಂದೆ ಕಣಮ್ಮ."

"ಯಾರ ಶೂ, ಯಜಮಾನ್ರೇ?"

"ನಮ್ಮನೆಯವಳದು. ನೀನೇ ಹೇಳಿ ಕಳಿಸಿದೀಯಲ್ಲ."

ಹೆಂಡತಿಯ ಫೋನನ್ನು ಮುಂದೆ ಹಿಡಿದರು. ಅದನ್ನು ಇನ್ನೂ ಚಾರ್ಜ್ ಮಾಡಿ ಇಟ್ಟುಕೊಂಡಿದ್ದರು. "ಅಮ್ಮಾ, ನಿಮ್ಮ ಶೂ ರೆಡಿ ಇದೆ. ಎಡಗಾಲಿನ ಕಿರುಬೆರಳಿಗೆ ಒತ್ತದ ಹಾಗೆ ಸಡಿಲ ಮಾಡಿದೀನಿ. ಬನ್ನಿ, ಕಾಯ್ತಿರ್ತೀನಿ."

ಅಕ್ಕ ಬಗ್ಗಿ ಇನ್ನೊಮ್ಮೆ ಓದಿದಳು. ಮಾತಿನ ಧಾಟಿ ತನ್ನದೇ. ಕಿರುಬೆರಳು ನೋಯುತ್ತದೆಂದು ಆ ಅಮ್ಮ ಹೇಳಿದ್ದು ಅವಳೊಬ್ಬಳಿಗೆ. ಆದರೆ ಆ ಶೂ ಹೊಲಿದೇ ಇರಲಿಲ್ಲ. ಅಳತೆ ಕೊಟ್ಟ ಒಂದೇ ವಾರಕ್ಕೆ ಆ ಅಮ್ಮನ ಸಾವಿನ ಸುದ್ದಿ ಬಂದಿತ್ತು.

"ನಾನು ಕಳಿಸಿಲ್ಲ" ಎಂದಳು ಅಕ್ಕ.

"ಮತ್ಯಾರು ಕಳಿಸಿದ್ರು?"

ಯಜಮಾನರು ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಮಾರನೆಯ ದಿನ ಇನ್ನೂ ನಾಲ್ವರು ಬಂದರು. ಎಲ್ಲರ ಫೋನಿನಲ್ಲೂ ಅವರವರ ಕಾಲಿನ ನೋವನ್ನು ಹೆಸರು ಹಿಡಿದು ಹೇಳುವ ಮೆಸೇಜು. ಕೆಳಗೆ ಸಣ್ಣ ಅಕ್ಷರದಲ್ಲಿ, ಇಲ್ಲಿ ಒತ್ತಿ ಹುಟ್ಟಿದ ದಿನ ಮತ್ತು ಬ್ಯಾಂಕ್ ಕಾರ್ಡಿನ ನಂಬರು ಬರೆಯಿರಿ ಎಂಬ ಸಾಲು. ಅವರಲ್ಲಿ ಒಬ್ಬಾಕೆ ಕಣ್ಣಲ್ಲಿ ನೀರು ತುಂಬಿಕೊಂಡು, "ನನ್ನ ಕಾಲಿಗೆ ಬೆರಳಿಲ್ಲ ಅಂತ ನಮ್ಮತ್ತೆ ಮನೇಲಿ ಯಾರಿಗೂ ಗೊತ್ತಿಲ್ಲ. ನಿನ್ನ ನಂಬಿ ಹೇಳಿದ್ದೆ. ಊರಿಗೆಲ್ಲಾ ಹಂಚಿಬಿಟ್ಯಾ?" ಎಂದು ಕೇಳಿ ಮೆಟ್ಟಿಲಿಳಿದು ಹೋದಳು. ಇಪ್ಪತ್ತು ವರ್ಷ ಕಾಲು ಮುಟ್ಟಿ ಗಳಿಸಿದ ನಂಬಿಕೆ ಕಣ್ಣೆದುರೇ ಕೈಜಾರುತ್ತಿತ್ತು.

ಅಕ್ಕ ನಾದಿನಿಗೆ ಫೋನು ಮಾಡಿದಳು. ಅಂಗಡಿಗಳ ಸೈಟ್ ನೋಡಿಕೊಳ್ಳುವುದೇ ನಾದಿನಿಯ ಉದ್ಯೋಗ. ಮಧ್ಯಾಹ್ನ ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು.

"ಅತ್ತಿಗೆ, ಇನ್ನೆಲ್ಲಾದ್ರೂ ಲಾಗಿನ್ ಆಗಿದೀರಾ?"

"ಇಲ್ಲಮ್ಮ. ನಿನ್ನ ಪಕ್ಕದಲ್ಲೇ ನಿಂತಿದೀನಲ್ಲ."

"ಒಳಗೆ ಇಬ್ಬರಿದ್ದಾರೆ ಅಂತ ತೋರಿಸ್ತಿದೆ."

ಮೊದಲನೆಯದು ಅಕ್ಕನ ಹೆಸರು. ಎರಡನೆಯ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ಒಂದು ಹಸಿರು ಚುಕ್ಕೆ ಮಾತ್ರ. ಇಬ್ಬರೂ ನೋಡುತ್ತಿದ್ದಂತೆ, ಕಳಿಸಿದ ಮೆಸೇಜುಗಳ ಲೆಕ್ಕ ಇನ್ನೂರ ಹನ್ನೆರಡರಿಂದ ಇನ್ನೂರ ಹದಿಮೂರಾಯಿತು. ಅಂಗಡಿಯಲ್ಲಿ ಯಾರೂ ಕೀಲಿಮಣೆ ಮುಟ್ಟಿರಲಿಲ್ಲ.

"ದೆವ್ವ ಗಿವ್ವ ಏನಾದ್ರೂ..." ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

"ದೆವ್ವಕ್ಕೆ ಬ್ಯಾಂಕ್ ಕಾರ್ಡ್ ಯಾಕೆ ಅತ್ತಿಗೆ?"

ನಾದಿನಿ ಮೊದಲು ಸೈಟನ್ನು ತಾತ್ಕಾಲಿಕವಾಗಿ ಮುಚ್ಚಿದಳು. ಹೆಸರಿಲ್ಲದ ಖಾತೆ ಕಿತ್ತಳು, ಪಾಸ್‌ವರ್ಡ್ ಬದಲಿಸಿದಳು. ಹಸಿರು ಚುಕ್ಕೆ ಆರಿತು.

"ಈ ಮೆಸೇಜು ಪ್ಲಗಿನ್ ಮಾಡಿದವರು ಮೂರು ವರ್ಷದಿಂದ ಅದನ್ನ ತಿರುಗಿ ನೋಡಿಲ್ಲ. ಅದರಲ್ಲಿ ತೂತು ಬಿದ್ದಿದೆ. ಕಳ್ಳರು ಅಲ್ಲಿಂದ ನುಗ್ಗಿ, ನೀವು ಸೈಟಲ್ಲಿ ಬರೆದಿಟ್ಟ ಕಾಲಿನ ವಿವರ, ಹಳೇ ಮೆಸೇಜಿನ ಮಾತು ಎಲ್ಲಾ ತಗೊಂಡು ನಿಮ್ಮ ಹಾಗೇ ಆಡ್ತಿದ್ದಾರೆ."

"ನಾನದನ್ನ ಬಳಸೋದು ಬಿಟ್ಟೇ ಎಷ್ಟೋ ಕಾಲ ಆಯ್ತು. ಇದ್ರೆ ಇರ್ಲಿ ಅಂತ..."

"ಮರದ ಅಚ್ಚಾದ್ರೆ ಕಪಾಟಿನಲ್ಲಿ ತೆಪ್ಪಗೆ ಕೂತಿರತ್ತೆ. ಇದು ನೀವು ಮರೆತ ಮೇಲೂ ಕೆಲಸ ಮಾಡ್ತಾನೇ ಇರತ್ತೆ."

"ಹಾಗಾದ್ರೆ ಎಲ್ಲಾ ಕಿತ್ತು ಬಿಸಾಕು! ಈ ಸೈಟಿನ ಸಹವಾಸವೇ ಬೇಡ."

"ಕೋಪ ಬೇಡ. ದೂರದವರು ನಿಮ್ಮನ್ನ ಹುಡುಕೋದು ಹೇಗೆ? ಬೇಕಾದ್ದನ್ನ ಆರಿಸಿ ಇಟ್ಕೊಳ್ಳೋಣ."

ಇಡೀ ಸೈಟಿನ ನಕಲು ತೆಗೆದಿಟ್ಟು, ಇಬ್ಬರೂ ಒಂದೊಂದೇ ಪ್ಲಗಿನ್ ನೋಡುತ್ತ ಹೋದರು. ಫೋಟೊ ತೋರಿಸಲು ಮೂರಿದ್ದವು. ಆ ಕೆಲಸ ಥೀಮೇ ಮಾಡುತ್ತಿತ್ತು, ಮೂರೂ ಹೋದವು. ಭೇಟಿಗೆ ಸಮಯ ಕೊಡುವ ಪ್ಲಗಿನ್ ಹೋದ ತಿಂಗಳಷ್ಟೇ ಪರಿಷ್ಕರಣೆ, ಅಂದರೆ ಅಪ್‌ಡೇಟ್, ಆಗಿತ್ತು. ಅವಳ ಥೀಮಿಗೆ ಹೊಂದುತ್ತದೆ ಎಂದು ಬರೆದಿತ್ತು, ತೊಂದರೆ ಹೇಳಿಕೊಂಡವರಿಗೆ ತಯಾರಕರು ಉತ್ತರ ಕೊಟ್ಟಿದ್ದರು. ಅದು ಉಳಿಯಿತು. ಪರದೆಯ ಮೇಲೆ ಹಿಮ ಬೀಳುವಂತೆ ತೋರಿಸುವ ಒಂದು ಪ್ಲಗಿನ್ ಯಾಕಿದೆ ಎಂದು ಅಕ್ಕನಿಗೂ ತಿಳಿಯಲಿಲ್ಲ.

"ನಿಲ್ಲಿಸಿ ಬಿಟ್ರೆ ಸಾಲದಾ?"

"ಸಾಲದು, ಪೂರ್ತಿ ಅಳಿಸಬೇಕು. ನಿಲ್ಲಿಸಿದ್ದೂ ಒಳಗೇ ಬಿದ್ದಿರತ್ತೆ. ಮತ್ತೆ, ಜನರ ಕಾಲಿನ ಗುಟ್ಟು ಸೈಟಲ್ಲಿ ಯಾಕೆ? ಪುಸ್ತಕದಲ್ಲಿ ಬರೆದು ಬೀಗ ಹಾಕಿ."

ಕೊನೆಗೆ ಒಂಬತ್ತು ಉಳಿದವು. ಮುಂದಿನ ಮೂರು ದಿನ ಅಕ್ಕ ಇನ್ನೂರ ಹದಿಮೂರು ಜನಕ್ಕೂ ತಾನೇ ಫೋನು ಮಾಡಿ, ಆ ಕೊಂಡಿ ಒತ್ತಬೇಡಿ, ಒತ್ತಿದ್ದರೆ ಬ್ಯಾಂಕಿಗೆ ತಿಳಿಸಿ ಎಂದಳು. ಬೆರಳಿಲ್ಲದ ಆ ಹೆಣ್ಣುಮಗಳು ಫೋನು ಎತ್ತಲಿಲ್ಲ. ಅವಳು ಮತ್ತೆ ಬರಲೂ ಇಲ್ಲ.

ಯಜಮಾನರ ಅಂಗಡಿಗೆ ಮಾತ್ರ ನಡೆದುಕೊಂಡೇ ಹೋದಳು.

"ತಪ್ಪು ನಂದು ಯಜಮಾನ್ರೇ. ಅದು ಮೋಸದ ಮೆಸೇಜು. ಇನ್ನು ಬರಲ್ಲ."

"ಬರೋದೇ ಇಲ್ವಾ?"

"ಇಲ್ಲ."

ಅವರು ಕೀಲಿ ಉಜ್ಜುತ್ತಿದ್ದ ಅರ ಕೆಳಗಿಟ್ಟರು. "ಮೋಸ ಅಂತ ನಂಗೂ ಅನ್ನಿಸಿತ್ತಮ್ಮ. ಜೀವಮಾನವೆಲ್ಲಾ ಬೀಗ ರಿಪೇರಿ ಮಾಡಿದೋನು ನಾನು, ಕಳ್ಳರ ಕೈಚಳಕ ಗೊತ್ತಾಗಲ್ವಾ? ಆದ್ರೆ ಎಂಟು ತಿಂಗಳಾದ್ಮೇಲೆ ಅವಳ ಫೋನು ಸದ್ದು ಮಾಡ್ತು. ಬರದೇ ಇರೋಕಾಗ್ಲಿಲ್ಲ."

ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ನಿಮ್ಮ ಸೈಟ್ ತೆರೆಯಿರಿ. ಪ್ರತಿ ಪ್ಲಗಿನ್ನಿಗೂ ನಿನ್ನ ಕೆಲಸವೇನು, ನಿನ್ನನ್ನು ಮಾಡಿದವರು ಇನ್ನೂ ನೋಡಿಕೊಳ್ಳುತ್ತಿದ್ದಾರಾ, ನನ್ನ ಥೀಮಿಗೆ ಹೊಂದುತ್ತೀಯಾ ಎಂದು ಕೇಳಿ. ಉತ್ತರ ಸಿಗದಿದ್ದರೆ ಅಳಿಸಿ. ಉಳಿದದ್ದನ್ನು ಆಗಾಗ ಪರಿಷ್ಕರಿಸಿ. ನಿಮ್ಮನ್ನು ನಂಬಿದವರ ಮನೆಯಲ್ಲಿ, ನಿಮ್ಮ ಹೆಸರು ಹೇಳಿಕೊಂಡು, ಅಂಥ ಫೋನು ಸದ್ದು ಮಾಡಬಾರದು.